ಕ್ಯಾಲಿಬರ್ ಕೊನೆಯ ಪ್ರಶ್ನೆ: ಜಿಂಕೆ ಬೇಟೆಗೆ ರೈಫಲ್ ಆರಿಸುವ ಕ್ರಮ

ಇಲ್ಲಿ ಕುಳಿತವರಲ್ಲಿ ಎರಡು ಬಗೆಯವರಿದ್ದೀರಿ. ಗುಂಡು ಹೊಡೆಯುವ ರೇಂಜಿನಲ್ಲಿ ಪಾಯಿಂಟ್ ಟೂ-ಟೂ (.22) ಎಂಬ ಸಣ್ಣ ರೈಫಲ್ ಹೊಡೆದು ಕೈ ಪಳಗಿದವರು ಕೆಲವರು. ಕೆಲಸದ ಮೇಲೆ ಟೆಕ್ಸಾಸಿಗೋ ಮೆಲ್ಬರ್ನಿಗೋ ಮ್ಯೂನಿಕ್ಕಿಗೋ ಹೊರಟವರು, ಅಲ್ಲೇ ನೆಲೆಸಿ ರಜೆಗೆ ಊರಿಗೆ ಬಂದವರು ಇನ್ನು ಕೆಲವರು. ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಗಳನ್ನು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಒಂದೇ: ಜಿಂಕೆ ಬೇಟೆಗೆ ಯಾವ ಕ್ಯಾಲಿಬರ್ ಒಳ್ಳೆಯದು?

ಅದಕ್ಕೂ ಮುಂಚೆ ನಮ್ಮ ನೆಲದ ಕಾನೂನನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ಈ ದೇಶದಲ್ಲಿ ಜಿಂಕೆ, ಕಡವೆ, ಕಾಡುಕುರಿ, ಕೃಷ್ಣಮೃಗ ಯಾವುದನ್ನೂ ಬೇಟೆಯಾಡುವಂತಿಲ್ಲ. ಬನ್ನೇರುಘಟ್ಟದ ಅಂಚಿನ ರಾಗಿ ಹೊಲಕ್ಕೆ ಜಿಂಕೆ ನುಗ್ಗಿದರೆ ಅರಣ್ಯ ಇಲಾಖೆಗೆ ದೂರು ಕೊಟ್ಟು ಬೆಳೆ ಪರಿಹಾರ ಕೇಳಬೇಕೇ ಹೊರತು ಕೋವಿ ಎತ್ತುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎನ್ನುತ್ತೀರಿ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಆದ್ದರಿಂದ ಇವತ್ತು ನಾನು ಆಡುವ ಮಾತೆಲ್ಲ ಬೇಟೆಗೆ ಪರವಾನಗಿ ಕೊಡುವ ದೇಶಗಳಿಗೆ ಮಾತ್ರ ಅನ್ವಯ.

ಆ ದೇಶಗಳಲ್ಲಿ ಬೇಟೆಗೆ ಸಿಗುವ ಪ್ರಾಣಿಗಳಲ್ಲಿ ನಮ್ಮವೂ ಇವೆ. ಬಂಡೀಪುರದ ರಸ್ತೆ ಬದಿಯಲ್ಲಿ ನೋಡುತ್ತೀರಲ್ಲ, ಬಿಳಿ ಚುಕ್ಕೆಯ ಜಿಂಕೆ, ಅದನ್ನು 1932ರ ಸುಮಾರಿಗೆ ಟೆಕ್ಸಾಸಿಗೆ ಒಯ್ದು ಬಿಟ್ಟರು. ಅಲ್ಲಿ ಅದಕ್ಕೆ ಆಕ್ಸಿಸ್ ಎಂಬ ಹೆಸರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ 1886ರಲ್ಲೇ ಹೋಯಿತು. ಈಗ ಅಲ್ಲಿ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದೆ. ನಮ್ಮ ಕಡವೆ 1860ರ ದಶಕದಲ್ಲಿ ವಿಕ್ಟೋರಿಯಾ ರಾಜ್ಯದ ಬೆಟ್ಟಗಳನ್ನು ಹತ್ತಿತು. ಅಲ್ಲಿ ಹುಲಿಯಿಲ್ಲ, ಸೀಳುನಾಯಿಯಿಲ್ಲ. ಸಂಖ್ಯೆ ಏರುತ್ತಲೇ ಹೋಗುತ್ತದೆ. ಇಲ್ಲಿ ಕಾಪಾಡಬೇಕಾದ ಪ್ರಾಣಿಯನ್ನು ಅಲ್ಲಿ ಸರ್ಕಾರವೇ ಕಡಿಮೆ ಮಾಡಿ ಎನ್ನುವುದಕ್ಕೆ ಕಾರಣ ಇದು.

ಈಗ ಹೆಸರುಗಳ ಗೊಂದಲ. ಕ್ಯಾಲಿಬರ್ ಎಂದರೆ ಗುಂಡಿನ ಅಥವಾ ನಳಿಗೆಯ ಒಳವ್ಯಾಸ, ಇಂಚಿನ ದಶಮಾಂಶದಲ್ಲೋ ಮಿಲಿಮೀಟರಿನಲ್ಲೋ. ಆದರೆ ಅಂಗಡಿಯಲ್ಲಿ ನೀವು ಕೇಳುವುದು ಬರೀ ವ್ಯಾಸವನ್ನಲ್ಲ, ತೋಟಾವನ್ನು. ಒಂದೇ ವ್ಯಾಸದ ಗುಂಡು ಬೇರೆ ಬೇರೆ ಅಳತೆಯ ಹಿತ್ತಾಳೆ ಕವಚದಲ್ಲಿ ಕೂತಾಗ ಬೇರೆ ಬೇರೆ ತೋಟಾ ಆಗುತ್ತದೆ. .30-30, .308 ವಿಂಚೆಸ್ಟರ್, .30-06, .300 ವಿಂಚೆಸ್ಟರ್ ಮ್ಯಾಗ್ನಮ್ ಈ ನಾಲ್ಕರಲ್ಲೂ ಗುಂಡಿನ ದಪ್ಪ .308 ಇಂಚೇ. ವ್ಯತ್ಯಾಸವೆಲ್ಲ ಹಿಂದೆ ಇರುವ ಮದ್ದಿನ ಪ್ರಮಾಣದ್ದು. ಹೆಸರಿನ ಅಂಕಿಗಳಿಗೂ ಒಂದು ನಿಯಮವಿಲ್ಲ. .30-06ರಲ್ಲಿ 06 ಎಂದರೆ ಅಮೆರಿಕದ ಸೇನೆ ಅದನ್ನು ಸ್ವೀಕರಿಸಿದ 1906ನೇ ಇಸವಿ. .30-30ಯಲ್ಲಿ ಎರಡನೆಯ 30 ಎಂದರೆ ಮೊದಲಿಗೆ ಹಾಕುತ್ತಿದ್ದ ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. .270ರ ಗುಂಡು ನಿಜಕ್ಕೂ .277 ಇಂಚು. ಗ್ರೇನ್ ಎಂಬುದು ತೂಕದ ಹಳೆಯ ಅಳತೆ. ಹದಿನೈದೂವರೆ ಗ್ರೇನ್ ಸೇರಿದರೆ ಸುಮಾರು ಒಂದು ಗ್ರಾಂ.

ನಮ್ಮಲ್ಲಿ ಲೈಸೆನ್ಸ್ ಇರುವ ಹಳೆಯ ಮನೆಗಳಲ್ಲಿ .315 ರೈಫಲ್ ಕಾಣುತ್ತದೆ, ಇಛಾಪುರದ ಕಾರ್ಖಾನೆಯದು. .303 ಸೇನೆಯ ತೋಟಾ ಎಂದು ನಿಷಿದ್ಧ ಬೋರಿನ, ಅಂದರೆ ನಿಷಿದ್ಧ ನಳಿಗೆ ಅಳತೆಯ, ಪಟ್ಟಿಗೆ ಸೇರಿದ್ದರಿಂದ ಖಾಸಗಿಯವರಿಗಾಗಿ ಬೆಳೆದುಬಂದ ಅಳತೆ ಅದು. ಅದರ 244 ಗ್ರೇನಿನ ಗುಂಡು ಭಾರ, ನಿಧಾನ. ಅದನ್ನು ನೋಡಿ ಬೆಳೆದವರ ಮನಸ್ಸಿನಲ್ಲಿ 'ಗುಂಡು ದಪ್ಪವಿದ್ದಷ್ಟೂ ಒಳ್ಳೆಯದು' ಎಂಬ ಭಾವನೆ ಕೂತಿರುತ್ತದೆ. ಅದನ್ನು ಸ್ವಲ್ಪ ಬದಿಗಿಡಿ.

ಆಯ್ಕೆ ಶುರುವಾಗುವುದು ಆ ಊರಿನ ಕಾನೂನಿನಿಂದ. ಅಂಗಡಿಯವನು ಮಾರಿದ ಮಾತ್ರಕ್ಕೆ ಅದು ಅಲ್ಲಿ ಜಿಂಕೆಗೆ ನಡೆಯುತ್ತದೆ ಎಂದಲ್ಲ. ಜರ್ಮನಿಯ ನಿಯಮ ನನಗೆ ಬಹಳ ಇಷ್ಟ, ಏಕೆಂದರೆ ಅದು ಯೋಚಿಸಿ ಮಾಡಿದ್ದು. ರೋ ಎಂಬ ಪುಟ್ಟ ಜಿಂಕೆಗೆ, ಅಂದರೆ ಇಪ್ಪತ್ತು ಮೂವತ್ತು ಕೆಜಿಯ ಪ್ರಾಣಿಗೆ, 100 ಮೀಟರ್ ದೂರದಲ್ಲಿ ಗುಂಡಿನಲ್ಲಿ 1000 ಜೂಲ್ ಶಕ್ತಿ ಉಳಿದಿರಬೇಕು. ಕೆಂಪು ಜಿಂಕೆಯಂಥ ದೊಡ್ಡ ಪ್ರಾಣಿಗೆ 2000 ಜೂಲ್ ಬೇಕು, ಜೊತೆಗೆ ವ್ಯಾಸ 6.5 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಎರಡೂ ಷರತ್ತು ಒಟ್ಟಿಗೆ. ಈಗ .243 ತೆಗೆದುಕೊಳ್ಳಿ. 100 ಮೀಟರಿನಲ್ಲಿ ಅದರ ಶಕ್ತಿ 2000 ಜೂಲ್ ದಾಟುತ್ತದೆ, ಆದರೆ ವ್ಯಾಸ 6.2 ಮಿಲಿಮೀಟರಿನ ಹತ್ತಿರ ನಿಲ್ಲುತ್ತದೆ. ಆದ್ದರಿಂದ ಕೆಂಪು ಜಿಂಕೆಗೆ ಸಲ್ಲದು. .30-30 ತೆಗೆದುಕೊಳ್ಳಿ. ವ್ಯಾಸ ಬೇಕಾದಷ್ಟಿದೆ, ಆದರೆ 150 ಗ್ರೇನಿನ ಮಾಮೂಲಿ ಗುಂಡು 100 ಮೀಟರ್ ಹೋಗುವಷ್ಟರಲ್ಲಿ 1850 ಜೂಲಿಗೂ ಕೆಳಗಿಳಿದಿರುತ್ತದೆ. ಅದೂ ಸಲ್ಲದು.

ಇಂಗ್ಲೆಂಡಿನಲ್ಲಿ 1991ರ ಜಿಂಕೆ ಕಾಯ್ದೆ ಪ್ರಕಾರ .240 ಇಂಚು ಕನಿಷ್ಠ, ನಳಿಗೆಯ ಬಾಯಲ್ಲಿ 1700 ಅಡಿ-ಪೌಂಡ್, ಅಂದರೆ ಸುಮಾರು 2300 ಜೂಲ್. ಮುಂಟ್‌ಜ್ಯಾಕ್‌ಗೆ, ಅಂದರೆ ನಮ್ಮ ಕಾಡುಕುರಿಯ ಚೀನೀ ನೆಂಟನಿಗೆ, .220 ಇಂಚು ಸಾಕು. ವಿಕ್ಟೋರಿಯಾದಲ್ಲಿ ಚುಕ್ಕೆ ಜಿಂಕೆಗೆ ಕನಿಷ್ಠ .243, 80 ಗ್ರೇನ್, ಕಡವೆಗೆ ಕನಿಷ್ಠ .270, 130 ಗ್ರೇನ್. ಒಂದೇ ರಾಜ್ಯದಲ್ಲಿ ಜಿಂಕೆಗೊಂದು ಕಡವೆಗೊಂದು ನಿಯಮ. ಗಂಡು ಜಿಂಕೆ 70ರಿಂದ 90 ಕೆಜಿ ತೂಗಿದರೆ ಗಂಡು ಕಡವೆ 200 ಕೆಜಿ ದಾಟಿದ ಭಾರೀ ಪ್ರಾಣಿ. ಹಾಗಾಗಿ ಆ ವ್ಯತ್ಯಾಸ ಸರಿಯೇ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕೊಲರಾಡೊದಲ್ಲಿ ಜಿಂಕೆಗೆ .24 ವ್ಯಾಸ, 70 ಗ್ರೇನ್ ತೂಕ, 100 ಗಜದಲ್ಲಿ 1000 ಅಡಿ-ಪೌಂಡ್. ವರ್ಜೀನಿಯಾದಲ್ಲಿ .23ಕ್ಕಿಂತ ಸಣ್ಣದು ಜಿಂಕೆಗೆ ಇಲ್ಲ, ಆದ್ದರಿಂದ .223 ಅಲ್ಲಿ ಕಾನೂನುಬಾಹಿರ. ಅದೇ .223 ಟೆಕ್ಸಾಸಿನಲ್ಲಿ ನಡೆಯುತ್ತದೆ. ಓಹಿಯೋದಂಥ ಬಯಲು ನಾಡಿನ ಕೆಲವು ರಾಜ್ಯಗಳಲ್ಲಿ ಕವಚ ನೇರವಾಗಿರುವ ತೋಟಾಗಳನ್ನು ಮಾತ್ರ ಬಿಡುತ್ತಾರೆ. ಕತ್ತು ಕಿರಿದಾದ .308 ಅಲ್ಲಿ ಆಗುವುದಿಲ್ಲ; .350 ಲೆಜೆಂಡ್, .450 ಬುಶ್‌ಮಾಸ್ಟರ್, ಹಳೆಯ .45-70 ಆಗುತ್ತವೆ. ಅಲ್ಲಿಗೆ ಹೋಗುವವರಿಗೆ ನಾನು ಮುಂದೆ ಹೇಳುವ ಅರ್ಧ ಪಟ್ಟಿ ಉಪಯೋಗಕ್ಕೇ ಬರುವುದಿಲ್ಲ.

ಎಚ್-1ಬಿ ವೀಸಾದಲ್ಲಿ ಇರುವವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ವಲಸೆಯೇತರ ವೀಸಾದವರು ಬಂದೂಕು ಕೈಯಲ್ಲಿ ಹಿಡಿಯುವುದೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗೆಳೆಯನ ರೈಫಲನ್ನು 'ಸುಮ್ಮನೆ ಒಂದು ಈಡು' ಹೊಡೆದು ನೋಡುವ ಮುಂಚೆಯೂ ಆ ಕಾಗದ ನಿಮ್ಮ ಜೇಬಿನಲ್ಲಿರಬೇಕು. ಲೈಸೆನ್ಸಿಗೆ ಬೇಟೆ ಶಿಕ್ಷಣದ ಕೋರ್ಸು ಬೇಕಾಗುತ್ತದೆ. ಮೊದಲು ಅದನ್ನು ಮುಗಿಸಿಕೊಳ್ಳಿ.

ಕಾನೂನಿನ ಜರಡಿಯಲ್ಲಿ ಉಳಿದ ತೋಟಾಗಳಲ್ಲಿ ಯಾವುದು ಎಂದು ನೋಡುವ ಮುಂಚೆ, ಗುಂಡು ಪ್ರಾಣಿಯನ್ನು ಕೊಲ್ಲುವುದು ಹೇಗೆ ಎಂದು ತಿಳಿಯಬೇಕು. ಸಿನಿಮಾದಲ್ಲಿ ಗುಂಡು ತಗುಲಿದವನು ಹಿಂದಕ್ಕೆ ಹಾರಿ ಬೀಳುತ್ತಾನೆ. ಲೆಕ್ಕ ಹಾಕಿ ನೋಡೋಣ. .308ರ 150 ಗ್ರೇನ್ ಗುಂಡು ಅಂದರೆ 9.7 ಗ್ರಾಂ, ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 860 ಮೀಟರ್. ಆ ರಭಸವಷ್ಟೂ 70 ಕೆಜಿಯ ಜಿಂಕೆಗೆ ವರ್ಗವಾದರೂ ಜಿಂಕೆ ಚಲಿಸುವ ವೇಗ ಸೆಕೆಂಡಿಗೆ 12 ಸೆಂಟಿಮೀಟರ್. ಮಗು ತಳ್ಳಿದಷ್ಟು. ಗುಂಡಿನ ಏಟಿಗೆ ಪ್ರಾಣಿ ಉರುಳುವುದಿಲ್ಲ. ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳ ಹರಿದು ರಕ್ತದೊತ್ತಡ ಕುಸಿದು ಮಿದುಳಿಗೆ ರಕ್ತ ನಿಂತಾಗ ಬೀಳುತ್ತದೆ. ಎರಡೂ ಶ್ವಾಸಕೋಶ ತೂತಾದ ಜಿಂಕೆ ಐವತ್ತು, ಕೆಲವೊಮ್ಮೆ ನೂರು ಮೀಟರ್ ಓಡಿ ಬೀಳುವುದು ಮಾಮೂಲು. ಅದನ್ನು ಕಂಡು 'ಕ್ಯಾಲಿಬರ್ ಸಾಲಲಿಲ್ಲ' ಎಂದುಕೊಂಡು ಮುಂದಿನ ವರ್ಷ ಮ್ಯಾಗ್ನಮ್, ಅಂದರೆ ಹೆಚ್ಚು ಮದ್ದಿನ ತೋಟಾದ ರೈಫಲ್, ಕೊಳ್ಳುವವರಿದ್ದಾರೆ. ತೊಂದರೆ ಕ್ಯಾಲಿಬರಿನದಲ್ಲ, ನಿರೀಕ್ಷೆಯದು.

ಗುರಿ ಎಲ್ಲಿ? ಜಿಂಕೆ ಅಡ್ಡಲಾಗಿ ನಿಂತಿದೆ ಎಂದುಕೊಳ್ಳಿ. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಹಿಡಿದು ಮೇಲಕ್ಕೆ ಹೋಗಿ. ಎದೆಯ ತಳದಿಂದ ಬೆನ್ನಿನವರೆಗಿನ ಎತ್ತರದಲ್ಲಿ ಮೂರರಲ್ಲಿ ಒಂದು ಭಾಗಕ್ಕೆ ನಿಲ್ಲಿ. ಆ ಜಾಗವನ್ನು ನಡುವಾಗಿಟ್ಟುಕೊಂಡು 20 ಸೆಂಟಿಮೀಟರ್ ಅಗಲದ ವೃತ್ತ ಎಳೆದರೆ ಅದೇ ಶ್ವಾಸಕೋಶ, ಹೃದಯಗಳ ಮನೆ. ನಮ್ಮ ತಿಂಡಿ ತಟ್ಟೆಯ ಗಾತ್ರ. ಒಂದು ಗೇಣು ಹಿಂದಕ್ಕೆ ಹೋದರೆ ಯಕೃತ್ತು, ಇನ್ನೂ ಹಿಂದೆ ಹೊಟ್ಟೆ ಕರುಳು. ಹೊಟ್ಟೆಗೆ ಬಿದ್ದ .300 ಮ್ಯಾಗ್ನಮ್‌ಗಿಂತ ಆ ತಟ್ಟೆಯೊಳಗೆ ಬಿದ್ದ .243 ಸಾವಿರ ಪಾಲು ಮೇಲು. ಇವತ್ತು ನಾನು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ: ಆ ತಟ್ಟೆಯೊಳಗೆ ಪ್ರತಿಸಲವೂ ಗುಂಡು ಇಡಲು ನಿಮಗೆ ನೆರವಾಗುವ ತೋಟಾ ಯಾವುದೋ ಅದು ನಿಮ್ಮ ಕ್ಯಾಲಿಬರ್.

ಇನ್ನು ಗುಂಡಿನ ರಚನೆ. ಇದಕ್ಕೆ ಜನ ಕೊಡುವ ಗಮನ ತೀರ ಕಡಿಮೆ, ಕೊಡಬೇಕಾದದ್ದು ಎಲ್ಲಕ್ಕಿಂತ ಹೆಚ್ಚು. ಸೇನೆ ಬಳಸುವ ಗುಂಡಿಗೆ ಮೂತಿಯವರೆಗೂ ಲೋಹದ ಹೊದಿಕೆ ಇರುತ್ತದೆ. ಅದು ಮೈಯೊಳಗೆ ಅರಳುವುದಿಲ್ಲ. ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಮೂತಿ ತೆರೆದ, ಅರಳುವ ಗುಂಡು ತಯಾರಾಯಿತು. ಅಂಥವನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ಸಮ್ಮೇಳನದಲ್ಲಿ ಘೋಷಣೆಯಾಯಿತು. ಬೇಟೆಯಲ್ಲಿ ನಿಯಮ ತಿರುಗುಮುರುಗು: ಅರಳುವ ಗುಂಡನ್ನೇ ಬಳಸಬೇಕು ಎಂದು ಎಷ್ಟೋ ಕಡೆ ಕಾನೂನೇ ಹೇಳುತ್ತದೆ. ಅರಳದ ಗುಂಡು ಪೆನ್ಸಿಲಿನಷ್ಟು ತೂತು ಮಾಡಿ ಆಚೆ ಹೋಗುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಅಗ್ಗ ಎಂದು ಸೇನೆಯ ಮಾದರಿಯ ತೋಟಾವನ್ನು ಬೇಟೆಗೆ ಒಯ್ಯಲೇಬೇಡಿ. ರೇಂಜಿಗೆ ಇರಲಿ.

ಅರಳುವ ಗುಂಡಿನಲ್ಲೂ ಬಗೆಗಳಿವೆ. ಸೀಸದ ತಿರುಳಿಗೆ ತೆಳು ತಾಮ್ರದ ಹೊದಿಕೆ ಹಾಕಿದ್ದು ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ಸಾಧಾರಣ ವೇಗದಲ್ಲಿ ಪಕ್ಕೆಲುಬಿಗೆ ಬಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಬರುವುದು ಎಲ್ಲಿ? ವೇಗದ ತೋಟಾದಲ್ಲಿ, ಹತ್ತಿರದಿಂದ, ಭುಜದ ಮೂಳೆಗೆ ಬಿದ್ದಾಗ. ಹೊದಿಕೆ ಕಳಚಿ, ಸೀಸ ಪುಡಿಪುಡಿಯಾಗಿ, ಹೊರಮೈಯಲ್ಲಿ ಬೊಗಸೆಯಷ್ಟು ಗಾಯವಾಗುತ್ತದೆ. ಶ್ವಾಸಕೋಶಕ್ಕೆ ಏನೂ ತಲುಪುವುದಿಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬವರಿಗೆ ಮೂಸ್ ಎಂಬ ಭಾರೀ ಜಿಂಕೆಯ ಬೇಟೆಯಲ್ಲಿ ಆದದ್ದು ಇದೇ. ಮೈಗೆಲ್ಲ ಕೆಸರು ಮೆತ್ತಿದ ಪ್ರಾಣಿ, ಕೈಯಲ್ಲಿ .300 ಮ್ಯಾಗ್ನಮ್. ಗುಂಡುಗಳು ಒಳಗೆ ಇಳಿಯಲಿಲ್ಲ. ಅವರು ಹೋಗಿ ಮಾಡಿದ್ದು ಇನ್ನೂ ದೊಡ್ಡ ಕ್ಯಾಲಿಬರನ್ನಲ್ಲ, ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡನ್ನು. ಮುಂದಿನ ಕೋಣೆ ಅರಳುತ್ತದೆ, ಹಿಂದಿನದು ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಹೆಸರಿನಲ್ಲಿ 1948ರಿಂದ ಮಾರಾಟವಾಗುತ್ತಿದೆ, ಇವತ್ತಿಗೂ ಸಿಗುತ್ತದೆ. ಹೊದಿಕೆಗೆ ಸೀಸವನ್ನು ಬೆಸೆದ ಬಾಂಡೆಡ್ ಗುಂಡುಗಳ ಹಿಂದಿನ ಯೋಚನೆಯೂ ಇದೇ.

ಮೂರನೆಯದು ಪೂರ್ತಿ ತಾಮ್ರದ ಗುಂಡು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ನಿಷೇಧ. ಕಾರಣ ಒಳ್ಳೆಯದೇ, ಸೀಸದ ಚೂರು ಮಾಂಸದಲ್ಲಿ ಉಳಿಯುತ್ತದೆ, ಬಿಸಾಡಿದ ಕರುಳನ್ನು ತಿಂದ ಹದ್ದುಗಳು ಸಾಯುತ್ತವೆ. ಮನೆಯಲ್ಲಿ ಸಣ್ಣ ಮಕ್ಕಳು ಆ ಮಾಂಸ ತಿನ್ನುವುದಾದರೆ ಕಾನೂನು ಇರಲಿ ಬಿಡಲಿ ತಾಮ್ರವೇ ಇರಲಿ ಎನ್ನುತ್ತೇನೆ. ಆದರೆ ಎರಡು ಎಚ್ಚರಿಕೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಇನ್ನೊಂದು, ಅರಳಲು ಹೆಚ್ಚು ವೇಗ ಬೇಕು. ಸೆಕೆಂಡಿಗೆ 600 ಮೀಟರಿನ ಕೆಳಗೆ ಎಷ್ಟೋ ತಾಮ್ರದ ಗುಂಡುಗಳು ಮೂತಿ ಬಿಚ್ಚಲು ಹಿಂದೇಟು ಹಾಕುತ್ತವೆ. ಅದಕ್ಕೆ ಉಪಾಯ ಸುಲಭ: ಸೀಸದಲ್ಲಿ 150 ಗ್ರೇನ್ ಹೊಡೆಯುವವರು ತಾಮ್ರದಲ್ಲಿ 130 ತೆಗೆದುಕೊಳ್ಳಿ. ತೂಕ ಕಳೆದುಕೊಳ್ಳದ ಗುಂಡಾದ್ದರಿಂದ ನುಗ್ಗುವುದರಲ್ಲಿ ಕೊರತೆಯಾಗುವುದಿಲ್ಲ.

ಉದ್ದದ ಮಾತು ಬಂದಿದ್ದರಿಂದ ನಳಿಗೆಯ ಸುರುಳಿಯ ಬಗ್ಗೆಯೂ ಹೇಳುತ್ತೇನೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಗುಂಡು ಉದ್ದವಿದ್ದಷ್ಟೂ ವೇಗದ ತಿರುವು ಬೇಕು, ಇಲ್ಲದಿದ್ದರೆ ಸೋತ ಬುಗುರಿಯಂತೆ ಓಲಾಡುತ್ತದೆ. 1955ರಲ್ಲಿ ವಿಂಚೆಸ್ಟರ್ .243 ತಂದಿತು, ರೆಮಿಂಗ್ಟನ್ .244 ತಂದಿತು. ಎರಡರ ಗುಂಡಿನ ದಪ್ಪವೂ ಒಂದೇ. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಕೊಟ್ಟಿತು. ಜಿಂಕೆಗೆ ಬೇಕಾದ 100 ಗ್ರೇನ್ ಗುಂಡು ನೇರ ಹೋಯಿತು. ರೆಮಿಂಗ್ಟನ್ ಸಣ್ಣ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 12 ಇಂಚಿಗೆ ಒಂದು ಸುತ್ತು ಕೊಟ್ಟು ಹಗುರ ಗುಂಡಿಗೆ ನಿಂತಿತು. ಕೊಳ್ಳುವವರಿಗೆ ಎರಡಕ್ಕೂ ಆಗುವ ರೈಫಲ್ ಬೇಕಿತ್ತು. .243 ಇವತ್ತೂ ಪ್ರತಿ ಅಂಗಡಿಯಲ್ಲಿದೆ, .244 ಹೆಸರು ಬದಲಿಸಿಕೊಂಡರೂ ಚೇತರಿಸಲಿಲ್ಲ. ಹಳೆಯ ರೈಫಲ್ ಕೊಳ್ಳುವವರು ಈ ಅಂಕಿಯನ್ನು ಕೇಳಿ ತಿಳಿದುಕೊಂಡೇ ತೋಟಾ ಆರಿಸಿ. ಕಾಗದದ ಗುರಿಯಲ್ಲಿ ದುಂಡನೆಯ ತೂತಿನ ಬದಲು ಉದ್ದುದ್ದ ತೂತು ಬಿದ್ದರೆ ಗುಂಡು ಅಡ್ಡ ತಿರುಗಿ ಹೋಗಿದೆ ಎಂದರ್ಥ.

ದೂರಕ್ಕೆ ಬರೋಣ. ನಮ್ಮ ವಿಧಾನಸೌಧದ ಉದ್ದ 700 ಅಡಿ, 213 ಮೀಟರ್. ಈ ತುದಿಯಲ್ಲಿ ನೀವು, ಆ ತುದಿಯಲ್ಲಿ ಆ ತಿಂಡಿ ತಟ್ಟೆ. ಮಾಮೂಲಿ ಬೇಟೆಗಾರನಿಗೆ ಇದು ದೂರದ ಮಿತಿ ಎಂದೇ ಇಟ್ಟುಕೊಳ್ಳಿ. .308ರ 150 ಗ್ರೇನ್ ತೋಟಾಗೆ ಸ್ಕೋಪನ್ನು, ಅಂದರೆ ರೈಫಲಿನ ಮೇಲಿನ ಗುರಿ ದುರ್ಬೀನನ್ನು, 200 ಗಜಕ್ಕೆ ಹೊಂದಿಸಿದ್ದರೆ, 100 ಗಜದಲ್ಲಿ ಗುಂಡು 5 ಸೆಂಟಿಮೀಟರ್ ಮೇಲೆ, ವಿಧಾನಸೌಧದ ಆ ತುದಿಯಲ್ಲಿ ನಾಲ್ಕೈದು ಸೆಂಟಿಮೀಟರ್ ಕೆಳಗೆ. ತಟ್ಟೆಯ ನಡುವಿಗೆ ಗುರಿಯಿಟ್ಟು ಕುದುರೆ (ಟ್ರಿಗರ್) ಎಳೆದರೆ ಆಯಿತು, ಲೆಕ್ಕ ಬೇಡ. ಇನ್ನೊಂದು ಅರವತ್ತು ಮೀಟರ್ ಆಚೆ, 300 ಗಜದಲ್ಲಿ, 22 ಸೆಂಟಿಮೀಟರ್ ಕೆಳಗೆ, ತಟ್ಟೆ ತಪ್ಪಿತು. 400 ಗಜದಲ್ಲಿ 60 ಸೆಂಟಿಮೀಟರ್. ಇದು ಬರೀ ಬೀಳುವುದರ ಲೆಕ್ಕ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ, ಅಂದರೆ ಎಲೆಗಳು ಅಲುಗುವಷ್ಟು, 300 ಗಜದಲ್ಲಿ ಅದೇ ಗುಂಡನ್ನು ಒಂದು ಗೇಣು ಪಕ್ಕಕ್ಕೆ ತಳ್ಳುತ್ತದೆ. ಶ್ವಾಸಕೋಶಕ್ಕೆ ಇಟ್ಟದ್ದು ಹೊಟ್ಟೆಗೆ ಬೀಳಲು ಅಷ್ಟು ಸಾಕು.

6.5 ಕ್ರೀಡ್‌ಮೂರ್ ಎಂಬ ತೋಟಾ ಇಷ್ಟು ಹೆಸರು ಮಾಡಿದ್ದು ಇಲ್ಲಿಯೇ. ಅದರ ಉದ್ದ, ನಯವಾದ ಗುಂಡು ಅದೇ ಗಾಳಿಯಲ್ಲಿ ಸುಮಾರು 13 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಒಳ್ಳೆಯದೇ. ಆದರೆ ಅದನ್ನು ನಂಬಿ 500 ಮೀಟರಿಗೆ ಹೊಡೆಯುವವರನ್ನು ನಾನು ಒಪ್ಪುವುದಿಲ್ಲ. ಗುಂಡು ಅಲ್ಲಿಗೆ ತಲುಪಲು ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ಅಷ್ಟರಲ್ಲಿ ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಮುಂದಿಟ್ಟರೆ ನೀವು ಅದಕ್ಕೆ ಕೊಟ್ಟದ್ದು ಸಾವಲ್ಲ, ಎರಡು ದಿನದ ನರಕ.

ನಿಮ್ಮ ಸ್ವಂತ ಮಿತಿ ಕಂಡುಕೊಳ್ಳುವುದು ಹೀಗೆ. ಬೆಂಚಿನ ಮೇಲೆ ಮರಳು ಚೀಲ ಇಟ್ಟು ಹೊಡೆದದ್ದು ಲೆಕ್ಕಕ್ಕಿಲ್ಲ. ಕುಳಿತು, ಮೊಣಕಾಲೂರಿ, ಅಥವಾ ಕವೆಗೋಲಿನ ಮೇಲೆ ರೈಫಲ್ ಇಟ್ಟು, 20 ಸೆಂಟಿಮೀಟರ್ ತಟ್ಟೆಗೆ ಐದು ಈಡು ಹೊಡೆಯಿರಿ. ಐದೂ ಒಳಗೆ ಬಿದ್ದರೆ ಇಪ್ಪತ್ತೈದು ಮೀಟರ್ ಹಿಂದಕ್ಕೆ ಹೋಗಿ. ಎಲ್ಲಿ ಒಂದು ಹೊರಬಿತ್ತೋ ಅದರ ಹಿಂದಿನ ದೂರವೇ ನಿಮ್ಮದು. ಬಹಳ ಜನರಿಗೆ ಅದು 120, 150 ಮೀಟರ್ ಆಗಿರುತ್ತದೆ. ಬೇಸರ ಬೇಡ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅಷ್ಟು ದೂರಕ್ಕೆ .30-30 ಕೂಡ ಸಾಕು.

ಈಗ ಒದೆತ. ಹೊಸಬರ ಬೇಟೆ ಕೆಡುವುದು ಹೆಚ್ಚಾಗಿ ಇದರಿಂದಲೇ. ಸುಮಾರು 3.6 ಕೆಜಿ ತೂಗುವ ರೈಫಲ್ ಎಂದಿಟ್ಟುಕೊಂಡರೆ ಹೆಗಲಿಗೆ ಬರುವ ಒದೆತ .243ರಲ್ಲಿ 12–13 ಜೂಲ್, 6.5 ಕ್ರೀಡ್‌ಮೂರ್‌ನಲ್ಲಿ 17ರ ಹತ್ತಿರ, .308ರಲ್ಲಿ 21, 180 ಗ್ರೇನಿನ .30-06ರಲ್ಲಿ 29, .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಿ 39ರ ಆಸುಪಾಸು. ಕೊನೆಯದು ಮೊದಲಿನದರ ಮೂರು ಪಟ್ಟು. ಪಾಯಿಂಟ್ ಟೂ-ಟೂ ಹೊಡೆದು ಬಂದವರಿಗೆ ಒದೆತ ಎಂದರೇನೆಂದೇ ಗೊತ್ತಿರುವುದಿಲ್ಲ. ಮ್ಯಾಗ್ನಮ್‌ನ ಮೂರನೆಯ ಈಡಿಗೆ ದೇಹ ಕಲಿತುಬಿಡುತ್ತದೆ: ಕುದುರೆ ಎಳೆಯುವ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ನಳಿಗೆಯ ತುದಿ ಕೆಳಗಿಳಿಯುತ್ತದೆ. ಬೆಚ್ಚುವುದು ಎನ್ನುತ್ತೇವಲ್ಲ, ಅದು. ಬೆಚ್ಚುವವನಿಗೆ ತಾನು ಬೆಚ್ಚುತ್ತಿರುವುದು ಗೊತ್ತಾಗುವುದಿಲ್ಲ, ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ರೈಫಲಿಗೆ ತೋಟಾ ತುಂಬುವ ಕೆಲಸ ಜೊತೆಗಾರನಿಗೆ ಕೊಡಿ. ಅವನು ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ, ತನಗೆ ತೋಚಿದ ಕ್ರಮದಲ್ಲಿ ಹಾಕಿ ಕೊಡಲಿ. ಡಮ್ಮಿ ಇದ್ದಾಗ 'ಟಕ್' ಎನ್ನುತ್ತದೆ ಅಷ್ಟೆ. ಆ ಕ್ಷಣದಲ್ಲಿ ನಳಿಗೆ ಅಲುಗದೆ ನಿಂತಿದ್ದರೆ ನೀವು ಚೆನ್ನಾಗಿದ್ದೀರಿ. ಇಲ್ಲದಿದ್ದರೆ ಮೂತಿ ಒಂದಂಗುಲ ಕೆಳಕ್ಕೆ ಕುಕ್ಕುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಹಾಗೆ ಕುಕ್ಕಿದರೆ ತೋಟಾ ಒಂದು ಮೆಟ್ಟಿಲು ಇಳಿಸಿ. ಅಭಿಮಾನ ಅಡ್ಡ ಬರಬಾರದು.

ಒದೆತ ತಗ್ಗಿಸಲು ಬೇರೆ ದಾರಿಗಳೂ ಇವೆ. ರೈಫಲ್ ಭಾರವಿದ್ದಷ್ಟೂ ಒದೆತ ಕಡಿಮೆ. ಬೆಟ್ಟ ಹತ್ತಲು ಹಗುರವೆಂದು 2.7 ಕೆಜಿಯದನ್ನು ಕೊಂಡರೆ .308 ಕೂಡ ಕಚ್ಚುತ್ತದೆ. ಹಿಂಬದಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ. ಮರದ ಹಿಡಿಯ ಉದ್ದ ನೋಡಿಕೊಳ್ಳಿ: ಅಮೆರಿಕದ ಕಾರ್ಖಾನೆಗಳು ಸಾಮಾನ್ಯವಾಗಿ ಕುದುರೆಯಿಂದ ಹೆಗಲಿಗೆ ಹದಿಮೂರೂವರೆ ಇಂಚು ಇಟ್ಟಿರುತ್ತವೆ. ಐದೂವರೆ ಅಡಿ ಎತ್ತರದ ನಮ್ಮವರಿಗೆ, ಹೆಣ್ಣುಮಕ್ಕಳಿಗೆ, ಒಂದಿಂಚು ಕಡಿಮೆ ಇದ್ದರೆ ಹೆಗಲಿಗೆ ಸರಿಯಾಗಿ ಕೂರುತ್ತದೆ. ಕಣ್ಣಿಗೂ ಸ್ಕೋಪಿಗೂ ಒಂಬತ್ತು ಸೆಂಟಿಮೀಟರ್ ಅಂತರವಿರಲಿ. ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಖಂಡಿತ. ನಳಿಗೆಯ ತುದಿಗೆ ಮದ್ದಿನ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಬ್ರೇಕ್ ಹಾಕಿಸಿದರೆ ಒದೆತ ಇಳಿಯುತ್ತದೆ, ಆದರೆ ಸದ್ದು ಹಿಂದಕ್ಕೂ ಪಕ್ಕಕ್ಕೂ ಬಡಿಯುತ್ತದೆ. ಕಿವಿಗೆ ರಕ್ಷೆ ಇಲ್ಲದೆ ಒಂದೇ ಈಡು ಹೊಡೆದರೂ ಶ್ರವಣಶಕ್ತಿಗೆ ಪೆಟ್ಟು. ಹೋದದ್ದು ಮತ್ತೆ ಬರುವುದಿಲ್ಲ.

ಇಷ್ಟು ಕೇಳಿದ ಮೇಲೆ ತೋಟಾಗಳ ಹೆಸರು ಹೇಳಿದರೆ ನೀವೇ ತೂಗಿ ನೋಡಬಲ್ಲಿರಿ. ಮೊದಲ ರೈಫಲ್, ಚುಕ್ಕೆ ಜಿಂಕೆ ಅಥವಾ ಬಿಳಿಬಾಲದ ಜಿಂಕೆ, 200 ಮೀಟರಿನ ಒಳಗೆ: 7ಎಂಎಂ-08 ರೆಮಿಂಗ್ಟನ್ ಅಥವಾ 6.5 ಕ್ರೀಡ್‌ಮೂರ್, 140 ಗ್ರೇನ್ ಗುಂಡು. ಇವೆರಡರಲ್ಲಿ ನನ್ನ ಒಲವು ಮೊದಲನೆಯದಕ್ಕೆ; .308ರ ಕವಚವನ್ನೇ ಕಿರಿದು ಮಾಡಿದ ತೋಟಾ, ಒದೆತ ಹಿತಮಿತ, ಕೆಲಸ ಗಟ್ಟಿ. ಆದರೆ ಸಣ್ಣ ಊರಿನ ಅಂಗಡಿಯಲ್ಲಿ ಅದರ ತೋಟಾ ಸಿಗದಿರಬಹುದು, ಕ್ರೀಡ್‌ಮೂರ್ ಸಿಗುತ್ತದೆ. .308 ಮತ್ತು .30-06 ಎಲ್ಲೆಲ್ಲೂ ಸಿಗುತ್ತವೆ. 150 ಗ್ರೇನಿನಲ್ಲಿ ಜಿಂಕೆಗೆ, 165 ಅಥವಾ 180ರಲ್ಲಿ ಕಡವೆಗೆ, ಎರಡೂ ಒಂದೇ ರೈಫಲಿನಲ್ಲಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಇವೆರಡರ ಆಚೆ ನೋಡಬೇಕಾಗಿಲ್ಲ. 1925ರಿಂದ ಇರುವ .270 ಕೂಡ 130 ಗ್ರೇನಿನಲ್ಲಿ ಅಷ್ಟೇ ಸಮರ್ಥ, ಬಯಲಿನಲ್ಲಿ ಇನ್ನೂ ನೇರ. ಕಡವೆಗೆ 130 ಕಾನೂನಿನ ಕನಿಷ್ಠ ಮಾತ್ರ; ಗಟ್ಟಿ ರಚನೆಯ 150 ತೆಗೆದುಕೊಳ್ಳಿ.

.243 ಬಗ್ಗೆ ಎಚ್ಚರಿಕೆಯ ಮಾತು. ಅದನ್ನು ಮಕ್ಕಳ, ಹೊಸಬರ ತೋಟಾ ಎನ್ನುತ್ತಾರೆ. ಒದೆತ ಕಡಿಮೆ ಎಂಬುದು ನಿಜ. ಆದರೆ ಗುಂಡು ಹಗುರವಾದ್ದರಿಂದ ಕೋನ ತಪ್ಪಿದರೆ ಕ್ಷಮಿಸುವುದಿಲ್ಲ, ಮತ್ತು ಅದೇ ಹೆಸರಿನಲ್ಲಿ ನರಿ ಹೊಡೆಯುವ 55 ಗ್ರೇನಿನ ಪಟಪಟ ಒಡೆಯುವ ಗುಂಡೂ ಮಾರುತ್ತಾರೆ. ಹೊಸಬ ಅಂಗಡಿಗೆ ಹೋಗಿ '.243 ಕೊಡಿ' ಎಂದು ತಪ್ಪು ಡಬ್ಬಿ ತಂದರೆ ಜಿಂಕೆಯ ಭುಜದ ಮೇಲೇ ಗುಂಡು ಪುಡಿಯಾಗುತ್ತದೆ. 95ರಿಂದ 100 ಗ್ರೇನ್, ಡಬ್ಬಿಯ ಮೇಲೆ ಜಿಂಕೆ ಬೇಟೆಗೆಂದು ಬರೆದಿರುವುದು, ಪ್ರಾಣಿ ಪೂರ್ತಿ ಅಡ್ಡ ನಿಂತಾಗ ಮಾತ್ರ. ಮ್ಯಾಗ್ನಮ್‌ಗಳು ಜಿಂಕೆಗೆ ಬೇಡ. 80 ಮೀಟರಿನಲ್ಲಿ ಭುಜಕ್ಕೆ ಬಿದ್ದರೆ ಮುಂಭಾಗದ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಬಿಸಾಡಬೇಕಾಗುತ್ತದೆ.

ಡಬ್ಬಿಯ ಮಾತಿನ ಜೊತೆಗೇ ಇನ್ನೊಂದು. ಹಿತ್ತಾಳೆ ಕವಚದ ಬುಡದಲ್ಲಿ ತೋಟಾದ ಹೆಸರು ಕೊರೆದಿರುತ್ತದೆ, ನಳಿಗೆಯ ಮೇಲೂ ಕೊರೆದಿರುತ್ತದೆ. ಎರಡನ್ನೂ ಕಣ್ಣಾರೆ ಓದಿ ಹೊಂದಿಸಿ. .300 ಬ್ಲ್ಯಾಕ್‌ಔಟ್ ತೋಟಾ .223 ರೈಫಲಿನಲ್ಲಿ ತೋಟಾ ಕೂರುವ ಕೋಣೆಗೆ ಇಳಿಯಬಲ್ಲದು; .308 ಇಂಚಿನ ಗುಂಡು .224 ಇಂಚಿನ ನಳಿಗೆಗೆ ನುಗ್ಗಲು ಹೋಗಿ ರೈಫಲ್ ಮುಖದ ಮುಂದೆಯೇ ಸಿಡಿಯುತ್ತದೆ. ಒಂದು ಹೊತ್ತಿಗೆ ಒಂದೇ ಬಗೆಯ ತೋಟಾ ಮೇಜಿನ ಮೇಲಿರಲಿ.

ವಿಮಾನದಲ್ಲಿ ಅಥವಾ ಜೀಪಿನಲ್ಲಿ ಕುಲುಕಿದ ರೈಫಲನ್ನು ಬೇಟೆಗೆ ಮುಂಚೆ ಮತ್ತೆ ಜೀರೊ ಮಾಡಿ, ಅಂದರೆ ಸ್ಕೋಪಿನ ಗುರಿಗೂ ಗುಂಡು ಬೀಳುವ ಜಾಗಕ್ಕೂ ಹೊಂದಿಸಿ. 100 ಮೀಟರಿಗೆ ಮೂರು ಈಡು, ಪ್ರತಿ ಈಡಿನ ನಡುವೆ ನಳಿಗೆ ತಣ್ಣಗಾಗಲಿ. ಮಿಲ್, ಮಿನಿಟ್ ಎಂಬುವು ಕೋನದ ಅಳತೆಗಳು. ಸ್ಕೋಪಿನ ತಿರುಗಣೆಯ ಮೇಲೆ 0.1 ಮಿಲ್ ಎಂದಿದ್ದರೆ ಒಂದು ಕ್ಲಿಕ್ಕಿಗೆ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್; ಕಾಲು ಮಿನಿಟ್ ಎಂದಿದ್ದರೆ ಸುಮಾರು ಏಳು ಮಿಲಿಮೀಟರ್. ಬೇಟೆಗೆ ಒಯ್ಯುವ ಅದೇ ಡಬ್ಬಿಯ ತೋಟಾದಿಂದಲೇ ಮಾಡಬೇಕು. ತೂಕ ಒಂದೇ ಇದ್ದರೂ ಕಂಪನಿ ಬದಲಾದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.

ಕೊನೆಗೆ, ಈಡು ಹಾರಿದ ಮೇಲೆ. ಜಿಂಕೆ ಓಡಿತು, ಕಾಣುತ್ತಿಲ್ಲ. ಓಡಿ ಹಿಂದೆ ಬೀಳಬೇಡಿ. ಅದು ನಿಂತಿದ್ದ ಜಾಗವನ್ನು ಮರವೋ ಕಲ್ಲೋ ನೋಡಿ ಗುರುತಿಟ್ಟುಕೊಂಡು, ಮತ್ತೊಂದು ತೋಟಾ ಏರಿಸಿ, ಅರ್ಧ ಗಂಟೆ ಕಾಯಿರಿ. ಆಮೇಲೆ ಹೋಗಿ ರಕ್ತ ನೋಡಿ. ತಿಳಿ ಕೆಂಪು, ಸಣ್ಣ ಗುಳ್ಳೆಗಳ ನೊರೆ ಇದ್ದರೆ ಶ್ವಾಸಕೋಶ. ನೂರು ಮೀಟರಿನೊಳಗೆ ಬಿದ್ದಿರುತ್ತದೆ. ಕಪ್ಪುಗೆಂಪು, ನೊರೆಯಿಲ್ಲದ್ದು ಯಕೃತ್ತಿನದು. ಮೂರು ನಾಲ್ಕು ಗಂಟೆ ಬಿಡಿ. ಹಸಿರು, ಹುಲ್ಲಿನ ಚೂರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಆರೆಂಟು ಗಂಟೆ ಕಾಯದೆ ಬೆನ್ನು ಹತ್ತಿದರೆ ಮಲಗಿದ್ದ ಪ್ರಾಣಿ ಎದ್ದು ಮತ್ತೆ ಮೈಲಿಗಟ್ಟಲೆ ಹೋಗುತ್ತದೆ. ಜರ್ಮನಿಯಲ್ಲಿ ಇದಕ್ಕೆಂದೇ ಪಳಗಿಸಿದ ನಾಯಿಗಳಿವೆ, ಗಂಟೆಗಳ ಹಿಂದಿನ ಜಾಡನ್ನೂ ಹಿಡಿಯುತ್ತವೆ. ಅಂಥ ನಾಯಿ ಇರುವವರ ಫೋನ್ ನಂಬರನ್ನು ಬೇಟೆಗೆ ಹೊರಡುವ ಮುಂಚೆಯೇ ಇಸಿದುಕೊಂಡಿರಿ. ಜಿಂಕೆ ನಿಂತಿದ್ದ ಜಾಗದಲ್ಲಿ ನೆಲ ತುಳಿದು ಕೆಡಿಸದೆ, ಒಂದು ಕಾಗದದ ಚೂರನ್ನು ಕೊಂಬೆಗೆ ಸಿಕ್ಕಿಸಿ, ನಾಯಿ ಬರುವವರೆಗೆ ಅಲ್ಲೇ ನಿಲ್ಲಿ.